ಏಳನೇ ಬಾಣಲೆಯ ಉಗುರುಗತ್ತಿ

ಉಗುರು ಕತ್ತರಿಸುವುದು ನನ್ನ ಕೆಲಸವಾಗಿತ್ತು ಅಂದರೆ ಈಗಿನವರು ನಗುತ್ತಾರೆ. ನಗಲಿ. ಆ ಕೆಲಸಕ್ಕೆ ಕೊಳ್ಳೇಗಾಲದಲ್ಲಿ ಒಂದು ಕಾಲಕ್ಕೆ ಎಷ್ಟು ಬೆಲೆಯಿತ್ತು ಅನ್ನುವುದು ರೇಷ್ಮೆ ಬಾಣಲೆಯ ಮುಂದೆ ಕೂತವರಿಗೆ ಗೊತ್ತು. ಯುದ್ಧದ ವರ್ಷಗಳು ಅವು. ಕೊಳ್ಳೇಗಾಲ ಆಗಿನ್ನೂ ಮದ್ರಾಸಿನವರಿಗೆ ಸೇರಿತ್ತು. ವಿಮಾನದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕಾಗಿ, ಗಂಟಿಲ್ಲದ ಸಣ್ಣ ನೂಲಿಗಾಗಿ ಸರ್ಕಾರದವರು ಶೆಡ್ಡು ಶೆಡ್ಡು ಹುಡುಕಿಕೊಂಡು ಬರುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಹದಿನಾಲ್ಕು ಬಾಣಲೆ, ಹದಿನಾಲ್ಕು ಹೆಂಗಸರು. ನಾನು ಅವರ ಮೇಲಿನ ಮೇಸ್ತ್ರಿ. ಯಜಮಾನರು ಗಂಡಸಾದ್ದರಿಂದ ಹೆಂಗಸರ ಕೈ ಹಿಡಿದು ನೋಡುವಂತಿರಲಿಲ್ಲ. ಆ ಭಾಗ ನನ್ನ ಪಾಲಿಗೆ ಬಂದಿತ್ತು.

ಬಾಣಲೆಯ ಕೆಲಸ ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ, ಕಡ್ಡಿಯಲ್ಲಿ ತಿರುವಿ, ಮೇಲಿನ ಒರಟು ನಾರನ್ನು ಎಳೆದು ಬಿಸಾಕಿದರೆ ಒಳಗಿನ ನಿಜವಾದ ಎಳೆ ಸಿಕ್ಕುತ್ತದೆ. ಅಂಥ ಏಳೆಂಟು ಗೂಡಿನ ಎಳೆ ಕೂಡಿದರೆ ಒಂದು ನೂಲು. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ಎಳೆಯನ್ನು ಬಲಗೈ ತೋರುಬೆರಳಿನಿಂದ ಚಿಮ್ಮಿ, ಓಡುತ್ತಿರುವ ನೂಲಿಗೆ ಅಂಟಿಸಬೇಕು. ರಾಟೆ ನಿಲ್ಲುವಂತಿಲ್ಲ. ಎಳೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಬೆರಳೇ ಅದನ್ನು ನೋಡಬೇಕು. ಉಗುರಿನ ಅಂಚು ಒಂದಿಷ್ಟು ಮುಕ್ಕಾಗಿದ್ದರೂ, ಬುಡದಲ್ಲಿ ಒಂದು ಸಿಬಿರು ಎದ್ದಿದ್ದರೂ ಎಳೆ ಅದಕ್ಕೆ ಸಿಕ್ಕಿ ಹರಿಯುತ್ತದೆ. ಹರಿದ ಕಡೆಯೆಲ್ಲ ಗಂಟು ಬೀಳುತ್ತದೆ. ಗಂಟಿನ ನೂಲು ಪರೀಕ್ಷೆಯವರ ಹತ್ತಿರ ಹೋಗಿ ಹಾಗೇ ವಾಪಸು ಬರುತ್ತಿತ್ತು.

ಅದಕ್ಕೇ ಸೋಮವಾರದ ಕೈ ನೋಡುವ ಕೆಲಸ ಇಟ್ಟುಕೊಂಡಿದ್ದೆ. ಒಲೆ ಹೊತ್ತಿಸುವ ಮೊದಲು ಎಲ್ಲರೂ ತಮ್ಮ ತಮ್ಮ ಬಾಣಲೆಯ ಮುಂದೆ ಕೂತು ಕೈ ಚಾಚಬೇಕು. ನಾನು ಒಂದನೆಯವಳಿಂದ ಶುರುಮಾಡಿ ಸಾಲಾಗಿ ಉಗುರು ತೆಗೆಯುತ್ತ ಹದಿನಾಲ್ಕನೆಯವಳ ತನಕ ಹೋಗುತ್ತಿದ್ದೆ. ನನ್ನ ಉಗುರುಗತ್ತಿ ಬೆರಳುದ್ದದ್ದು, ಒಂದು ತುದಿಯಲ್ಲಿ ಹರಿತವಾದ ಬಾಯಿ, ಇನ್ನೊಂದು ತುದಿ ಚಪ್ಪಟೆ. ಬಾಯಿಯಿಂದ ಉಗುರು ಕತ್ತರಿಸಿ, ಚಪ್ಪಟೆ ತುದಿಯಿಂದ ಉಗುರಿನ ಬುಡದ ತೆಳು ತೊಗಲನ್ನು ಹಿಂದಕ್ಕೆ ತಳ್ಳಿ, ಮೇಲೆದ್ದ ಅಂಚನ್ನು ಸವರಿ ತೆಗೆದುಬಿಡುತ್ತಿದ್ದೆ. ಈ ಬುಡ ಬಿಡಿಸುವ ಕೆಲಸ ಕೊಳ್ಳೇಗಾಲದ ಬೇರೆ ಯಾವ ಶೆಡ್ಡಿನಲ್ಲೂ ಇರಲಿಲ್ಲ. ಅದು ನನ್ನ ಸ್ವಂತ ಬುದ್ಧಿ, ಅದರ ಜಂಬವೂ ನನಗೆ ಸಾಕಷ್ಟಿತ್ತು. ಒಂದು, ಎರಡು, ಮೂರು ಎಂದು ಬಾಯಲ್ಲೇ ಎಣಿಸುವುದು. ಹತ್ತು ಆಯಿತೆಂದರೆ ಕತ್ತಿಯನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಬಾಣಲೆಗೆ ಸರಿಯುವುದು. ಎಲ್ಲರದೂ ಮುಗಿದ ಮೇಲೆ ನನ್ನ ಉಗುರನ್ನೂ ಅದರಲ್ಲೇ ತೆಗೆದುಕೊಳ್ಳುತ್ತಿದ್ದೆ.

ಇಬ್ಬರು ಮಾತ್ರ ಕೈ ಚಾಚುತ್ತಿರಲಿಲ್ಲ. ಸತ್ತೇಗಾಲದ ವಾರಗಿತ್ತಿಯರು, ಹತ್ತು ಮತ್ತು ಹನ್ನೊಂದನೇ ಬಾಣಲೆಯವರು. ಮಾದಪ್ಪನ ಒಕ್ಕಲಿನವರಾದ್ದರಿಂದ ಸೋಮವಾರ ಉಗುರಿಗೆ ಕಬ್ಬಿಣ ತಾಗಿಸುವುದಿಲ್ಲ.

"ಮಾದಪ್ಪನ ವಾರ ಕಣಕ್ಕಾ. ನೀವು ಏನಾರ ಅನ್ನಿ, ಇವತ್ತು ನಾವು ಕೈ ಕೊಡಕಿಲ್ಲ," ಅನ್ನುತ್ತಿದ್ದಳು ದೊಡ್ಡವಳು.

"ಮಾದಪ್ಪ ಬೆಟ್ಟದ ಮ್ಯಾಲೆ ನಿಮ್ ಉಗುರು ಎಣಿಸ್ಕಂಡು ಕುಂತವ್ನಾ?" ಅಂತ ನಾನು ರೇಗಿಸುತ್ತಿದ್ದೆ. ಸಾಲಿಗೆ ಸಾಲೇ ನಗುತ್ತಿತ್ತು. ಆ ಇಬ್ಬರು ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಬುಧವಾರ ಮನೆಯಲ್ಲೇ ಉಗುರಿನ ಅಂಚನ್ನು ನುಣುಪು ಕಲ್ಲಿಗೆ ತೇಯ್ದುಕೊಂಡು ಬರುತ್ತಿದ್ದರು. ನಾನು ಎಷ್ಟು ಸಲ ಸವರಿ ನೋಡಿದರೂ ಅಂಚಿನಲ್ಲಿ ತಪ್ಪು ಸಿಕ್ಕಲಿಲ್ಲ. ಬುಡ ಮಾತ್ರ ಬಿಡಿಸಿರುತ್ತಿರಲಿಲ್ಲ, ಅದು ನನಗೆ ಕಣ್ಣಿಗೆ ಚುಚ್ಚುತ್ತಿತ್ತು. ಶೆಡ್ಡಿನಲ್ಲಿ ಅವರಿಗೆ 'ಸೋಮವಾರದೋರು' ಅಂತಲೇ ಹೆಸರು ಬಿತ್ತು.

ಏಳನೇ ಬಾಣಲೆಯವಳು ಹನೂರಿನವಳು. ಅವಳ ಕೈಯಂಥ ಕೈ ನಾನು ಮತ್ತೆ ನೋಡಲಿಲ್ಲ. ಬೇರೆಯವರು ಎಳೆ ಹುಡುಕುವುದರಲ್ಲಿ ಇವಳು ಅಂಟಿಸಿ ಮುಗಿಸಿರುತ್ತಿದ್ದಳು. ಗಂಡ ಬಿಳಿಗಿರಿರಂಗನ ಬೆಟ್ಟಕ್ಕೆ ಬಿದಿರು ಕಡಿಯಲು ಹೋಗಿ ಕಾಡುಜ್ವರ ಹತ್ತಿಸಿಕೊಂಡು ಬಂದು ತೀರಿಹೋಗಿದ್ದ. ಊರಲ್ಲಿ ಕಣ್ಣು ಮಂಜಾದ ತಾಯಿಯಿದ್ದಳು. ಇವಳು ಕೊಳ್ಳೇಗಾಲದಲ್ಲಿ ಒಂದು ಮೂಲೆ ಮನೆ ಹಿಡಿದು, ಹದಿನೈದು ದಿನಕ್ಕೊಮ್ಮೆ ಹನೂರಿಗೆ ಹೋಗಿ ಬರುತ್ತಿದ್ದಳು. ಶೆಡ್ಡಿನ ಅತಿ ಸಣ್ಣ ನೂಲು ಅವಳ ಬಾಣಲೆಯಿಂದ ಬರುತ್ತಿದ್ದುದರಿಂದ ಸೋಮವಾರ ಅವಳ ಬೆರಳಿಗೆ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದೆ. ಬುಡದ ತೊಗಲು ಒಂದು ಚೂರೂ ಉಳಿಯದಂತೆ ಬಿಡಿಸುತ್ತಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು.

ಮುಂಗಾರು ಹಿಡಿದ ಮೇಲೆ ಶೆಡ್ಡಿನಲ್ಲಿ ಯಾವುದೂ ಒಣಗದ ಕಾಲ ಬಂತು. ಗೋಡೆ ಒದ್ದೆ, ಕೈ ಒರೆಸುವ ಬಟ್ಟೆ ಒದ್ದೆ, ಸತ್ತ ಹುಳುವಿನ ನಾತ ಉಟ್ಟ ಸೀರೆಯಲ್ಲೇ ಇಳಿದಿರುತ್ತಿತ್ತು. ಬಾಣಲೆಯ ಬಿಸಿಗೆ ಬೆರಳು ಸುಟ್ಟಾಗ ಅದ್ದಿಕೊಳ್ಳಲೆಂದು ಇಬ್ಬಿಬ್ಬರ ನಡುವೆ ಒಂದೊಂದು ತಣ್ಣೀರಿನ ಬೋಗುಣಿ. ಬೆಳಗಿನಿಂದ ಸಂಜೆಯ ತನಕ ಬಿಸಿನೀರು, ತಣ್ಣೀರು, ಮತ್ತೆ ಬಿಸಿನೀರು. ಸಂಜೆಗೆ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿ ಯಾರದೋ ಕೈಯಂತೆ ಕಾಣುತ್ತಿದ್ದವು.

ಹನೂರಿನವಳು ಅದೊಂದು ಸೋಮವಾರ ಹತ್ತೂ ಉಗುರಿಗೆ ಗೋರಂಟಿ ಹಚ್ಚಿಕೊಂಡು ಬಂದಳು. "ಏನವ್ವಾ, ಮದುವಣಗಿತ್ತಿ!" ಅಂದೆ. ಮುಂದಿನ ವಾರವೂ ಗೋರಂಟಿ. ಗಂಡ ಸತ್ತವಳು ಯಾಕೆ ಹಚ್ಚಿಕೊಂಡಳು ಅಂತ ಸಾಲಿನಲ್ಲಿ ಪಿಸುಮಾತು ಶುರುವಾಗಿತ್ತು. ಮೂರನೆಯ ವಾರ ನಾನು ಬಲಗೈ ತೋರುಬೆರಳಿನ ಬುಡ ಒತ್ತಿದೆ. ಅವಳು ಕಿರುಚಿದಳು. ಉಗುರಿನ ಸುತ್ತ ತೊಗಲು ಕೆಂಪಗೆ ದಿಂಡುಗಟ್ಟಿತ್ತು. ಒತ್ತಿದ ಕಡೆ ಬೆಳ್ಳಗಿನ ಗಂಜಿಯಂಥದು ಜಿನುಗಿತು. ಗೋರಂಟಿಯ ಕೆಳಗೆ ಉಗುರು ಹಸಿರು ಮಿಶ್ರಿತ ಕಂದುಬಣ್ಣಕ್ಕೆ ತಿರುಗಿ ಏರುತಗ್ಗಾಗಿ ನಿಂತಿತ್ತು. ಹೆಬ್ಬೆರಳಿನದೂ ಹಾಗೇ ಆಗುವ ಹಾದಿಯಲ್ಲಿತ್ತು.

"ನೋಡ್ದೇ ಇದ್ದೋರಂಗೆ ಇದ್ದುಬುಡಿ ಅಕ್ಕಾ," ಅಂದಳು ತಗ್ಗಿದ ದನಿಯಲ್ಲಿ. "ಎಡಗೈಲಿ ಎಳೆ ಎಸೆಯೋದ ಕಲೀತಾ ಇವ್ನಿ. ಈ ಬಾಣಲೆ ಬುಟ್ರೆ ನಂಗೆ ಕಲ್ಲು ಹೊರೋ ಕೂಲಿನೇ ಗತಿ."

ಅವಳು ಹೇಳಿದ್ದು ಸುಳ್ಳಲ್ಲ. ನೂಲು ನೋಡಿದರೆ ಗೊತ್ತಾಗುತ್ತಿತ್ತು, ಗಂಟು ಹೆಚ್ಚಾಗಿರಲಿಲ್ಲ. ಆದರೆ ಎಂಟನೆಯವಳಿಗೂ ಒಂಬತ್ತನೆಯವಳಿಗೂ ಬೆರಳು ಕೆಂಪಾಗತೊಡಗಿದ್ದು ಅದೇ ವಾರ ಕಂಡಿತು. ಇವಳೇ ತಂದಳು ಅಂತ ನನ್ನ ತಲೆಗೆ ಹೊಕ್ಕಿತು. ಕಾಡಂಚಿನ ಊರು, ಗಂಡನ ಜ್ವರ, ಏನೇನೋ ಸೇರಿಸಿಕೊಂಡು ನಾನೇ ಕಥೆ ಕಟ್ಟಿದೆ. ಯಜಮಾನರಿಗೆ ಹೇಳಿದೆ. ಅವರು ಹೆಚ್ಚು ಯೋಚಿಸಲಿಲ್ಲ.

"ಕಳಿಸಿಬಿಡಿ ಮೇಸ್ತ್ರಮ್ಮ. ಕೊಳೆತ ಕೈ ಒಂದು ದಿನವೂ ಇರಬಾರದು."

ಗೂಡು ಆರಿಸುವ ಒಣ ಕೆಲಸಕ್ಕಾದರೂ ಹಾಕೋಣ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಆಡಲಿಲ್ಲ. ಆಡಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ. ನಾನು ಆಡಲಿಲ್ಲ ಅನ್ನುವುದು ಇವತ್ತಿಗೂ ನನ್ನ ಹೊಟ್ಟೆಯಲ್ಲಿದೆ. ಅವಳು ಬಾಣಲೆಯ ಕಡ್ಡಿಯನ್ನು ತೊಳೆದು ಅದರ ಜಾಗದಲ್ಲಿಟ್ಟು ಹೋದಳು.

ಅವಳ ಜಾಗಕ್ಕೆ ಹೊನ್ನೂರಿನ ಒಬ್ಬಳು ಬಂದಳು. ಬಂದ ದಿನವೇ ಕೈ ನೋಡಿದೆ, ಉಗುರು ಹೊಸ ಬಾದಾಮಿಯ ಹಾಗಿದ್ದವು. ಬುಡವನ್ನು ಚೆನ್ನಾಗಿ ಬಿಡಿಸಿ ಕೂರಿಸಿದೆ. ಶ್ರಾವಣ ಹುಟ್ಟುವುದರೊಳಗೆ ಅವಳ ಎರಡು ಬೆರಳು ದಿಂಡುಗಟ್ಟಿದವು. ಆಮೇಲೆ ನಾಲ್ಕು, ಐದು, ಆರನೇ ಬಾಣಲೆಯವರ ಬೆರಳು. ಆಮೇಲೆ ಹನ್ನೆರಡನೆಯವಳಿಂದ ಹದಿನಾಲ್ಕನೆಯವಳ ತನಕ. ರೋಗ ತಂದವಳನ್ನು ಓಡಿಸಿ ಆಗಿತ್ತು, ರೋಗ ಮಾತ್ರ ಆರಾಮವಾಗಿ ಸಾಲು ಹಿಡಿದು ನಡೆದಿತ್ತು. ಒಂಬತ್ತು ಜನರ ಕೈ ಕೆಟ್ಟ ಮೇಲೆ ಯಜಮಾನರೂ ಎಲ್ಲರನ್ನೂ ಕಳಿಸಿಬಿಡಿ ಅನ್ನುವಂತಿರಲಿಲ್ಲ.

ಕೊಳ್ಳೇಗಾಲದ ಒಬ್ಬ ಕಂಪೌಂಡರು ನೇರಳೆ ಬಣ್ಣದ ಔಷಧಿ ಕೊಟ್ಟರು. ದಿನಕ್ಕೆರಡು ಸಲ ಉಗುರಿನ ಬುಡಕ್ಕೆ ಬಿಡಬೇಕು. ಎರಡನೇ ದಿನಕ್ಕೆ ಬಾಣಲೆಯ ನೀರು ನೇರಳೆಯಾಗಿ, ಒಂದು ಇಡೀ ಸುತ್ತು ಬೆಳ್ಳಗಿನ ನೂಲು ತಿಳಿ ನೇರಳೆಗೆ ತಿರುಗಿ ನಿಂತಿತು. ಯಜಮಾನರು ಶೀಶೆಯನ್ನು ಹಿತ್ತಲಿಗೆ ಬಿಸಾಕಿದರು. ಬೆರಳಿಗೆ ಬಟ್ಟೆ ಸುತ್ತಿ ಕೆಲಸ ಮಾಡಲು ಹೇಳಿದೆ. ಆ ಬಟ್ಟೆ ದಿನವಿಡೀ ನೆನೆದು ಒಳಗಿನದು ಇನ್ನಷ್ಟು ಕೊಳೆಯಿತು. ಬೇವಿನ ಸೊಪ್ಪು, ಅರಿಶಿನ, ಬಿಸಿ ಬೂದಿ ಎಲ್ಲ ಆಯಿತು. ಹನ್ನೆರಡನೆಯವಳ ಹೆಬ್ಬೆರಳಿನ ಉಗುರು ಒಂದು ಮಧ್ಯಾಹ್ನ ಕಳಚಿ ಬಾಣಲೆಯಲ್ಲಿ ಗೂಡುಗಳ ನಡುವೆ ತೇಲಿತು. ಅವಳೇ ಅದನ್ನು ಕಡ್ಡಿಯಿಂದ ಎತ್ತಿ ಹೊರಗೆ ಹಾಕಿ ರಾಟೆ ನಿಲ್ಲದಂತೆ ಮುಂದಿನ ಎಳೆ ಎಸೆದಳು. ನಾನು ನಿಂತು ನೋಡಿದೆ. ಅವಳಿಗೆ ಎದ್ದು ಹೋಗು ಅನ್ನುವುದಕ್ಕೂ ನನಗೆ ಮುಖವಿರಲಿಲ್ಲ.

ಅಷ್ಟರಲ್ಲಿ ನನ್ನದೇ ಎಡಗೈ ನಡುಬೆರಳು ಮಿಡಿಯತೊಡಗಿತ್ತು. ಗೌರಿ ಹಬ್ಬಕ್ಕೆ ತವರುಮನೆ ಯಳಂದೂರಿಗೆ ಹೋದವಳು ಅಲ್ಲಿನ ವಯಸ್ಸಾದ ಡಾಕ್ಟರೊಬ್ಬರಿಗೆ ಬೆರಳು ತೋರಿಸಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಉಗುರಿನ ಬುಡದ ತೊಗಲು ಎಲ್ಲಮ್ಮ ಹೋಯಿತು?"

"ನಾನೇ ತೆಗೆದದ್ದು ಡಾಕ್ಟ್ರೇ. ಎಲ್ಲರದೂ ನಾನೇ ತೆಗೆಯೋದು," ಅಂದೆ. ಆಗಲೂ ದನಿಯಲ್ಲಿ ಸ್ವಲ್ಪ ಜಂಬ ಇತ್ತು ಅಂತ ನೆನಪು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ತೊಗಲು ಅಲ್ಲಿ ಚೆಂದಕ್ಕೆ ಇಲ್ಲ ತಾಯಿ. ಉಗುರಿಗೂ ಮಾಂಸಕ್ಕೂ ನಡುವಿನ ಸಂದಿ ಮುಚ್ಚೋದೇ ಅದು. ಅದನ್ನ ಎಬ್ಬಿಸಿದರೆ ನೀರು ಒಳಗೆ ಹೋಗುತ್ತೆ. ಹೋದ ನೀರು ಆರೋದಿಲ್ಲ. ಆರದ ಕಡೆ ಬೂಷ್ಟು ಹಿಡಿಯುತ್ತೆ."

"ಬೂಷ್ಟಾ?"

"ಉಪ್ಪಿನಕಾಯಿ ಮೇಲೆ ಬರೋಲ್ಲವೇನಮ್ಮ, ಅದರ ದಾಯಾದಿ."

ಹನೂರು ಕಡೆಯ ಒಬ್ಬಳು ತಂದು ಎಲ್ಲರಿಗೂ ಹತ್ತಿಸಿದಳು ಅಂತ ನಾನು ಹೇಳಿದೆ. ಅವರು ತಲೆಯಾಡಿಸಿದರು.

"ಇದನ್ನ ಯಾರೂ ಹೊತ್ತು ತರಬೇಕಾಗಿಲ್ಲ. ನಮ್ಮ ನಿಮ್ಮ ಮೈಮೇಲೂ ಇರೋದೇ. ಒದ್ದೆ ಸಿಕ್ಕಬೇಕು, ಸಂದಿ ಸಿಕ್ಕಬೇಕು, ಆಗ ಬೆಳೆಯುತ್ತೆ. ಒಬ್ಬರ ಬೆರಳಲ್ಲಿ ಬೆಳೆದದ್ದನ್ನ ಇನ್ನೊಬ್ಬರ ಬೆರಳಿಗೆ ದಾಟಿಸೋಕೆ ಮಾತ್ರ ಯಾರಾದರೂ ಬೇಕು. ಎಲ್ಲರಿಗೂ ಒಂದೇ ಕತ್ತಿಯಾ?"

"ಹೂಂ."

"ಕುದಿಸ್ತೀರಾ ಅದನ್ನ?"

"ಇಲ್ಲ."

"ಯಾಕೆ, ಅಲ್ಲಿ ಕುದಿಯೋ ನೀರು ಸಿಕ್ಕಲ್ವಾ?"

ಹದಿನಾಲ್ಕು ಬಾಣಲೆ ನೀರು ಬೆಳಗಿನಿಂದ ಸಂಜೆಯ ತನಕ ನನ್ನ ಕೈಗೆ ಎಟಕುವಷ್ಟು ದೂರದಲ್ಲಿ ಕುದಿಯುತ್ತಿತ್ತು. ಆ ಕತ್ತಿಯನ್ನು ಒಂದು ಸಲ ಅದರಲ್ಲಿ ಅದ್ದಲು ನನಗೆ ತೋಚಿರಲಿಲ್ಲ. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದ ಸೊಸೆಯರನ್ನು ದಿನವಿಡೀ ಬೈಯುವವಳು ನಾನು. ಡಾಕ್ಟರ ಮುಂದೆ ಕೂತು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅಳು ಮುಗಿದ ಮೇಲೆ ಅವರು ಏನೇನು ಮಾಡಬೇಕೆಂದು ನಿಧಾನವಾಗಿ ಹೇಳಿದರು. ಬುಡದ ತೊಗಲು ಮುಟ್ಟಕೂಡದು. ಕೈ ಒಣಗಿರಬೇಕು. ಅದೇ ನೇರಳೆ ಔಷಧಿಯೇ ಸರಿ, ಆದರೆ ಹಚ್ಚಿಕೊಂಡವರು ನೀರಿಗೆ ಕೈ ಹಾಕಬಾರದು. ಬುಡದಲ್ಲಿ ಹುಟ್ಟಿದ ಒಳ್ಳೆ ಉಗುರು ತುದಿಗೆ ಬಂದು ಮುಟ್ಟುವುದಕ್ಕೆ ಹತ್ತಿರ ಹತ್ತಿರ ಆರು ತಿಂಗಳು ಬೇಕು, ಅಲ್ಲಿಯ ತನಕ ತಾಳ್ಮೆ ಬೇಕು.

ಕೊಳ್ಳೇಗಾಲಕ್ಕೆ ಬಂದ ಮೇಲೂ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ನೀರಿನಿಂದಲೂ ಬಂದಿರಬಹುದಲ್ಲ, ಬೋಗುಣಿಯಿಂದ ಬಂದಿರಬಹುದಲ್ಲ ಅಂತ ಒಳಗೊಳಗೇ ಜಾರಿಕೊಳ್ಳಲು ನೋಡುತ್ತಿದ್ದೆ. ಸೋಮವಾರ ಸಾಲಿನ ತುದಿಯಲ್ಲಿ ನಿಂತು ಇದ್ದಲಿನಿಂದ ಗೋಡೆಯ ಮೇಲೆ ಹದಿನಾಲ್ಕು ಗೀಟು ಎಳೆದು, ಕೈ ಕೆಟ್ಟವರ ಗೀಟಿಗೆ ಅಡ್ಡ ಹೊಡೆದೆ. ಐದು ಗೀಟು ಉಳಿದವು. ಒಂದು, ಎರಡು, ಮೂರು. ಅವರಿಗೆ ವಾರವಿಡೀ ಒಣಗಿದ ಕತ್ತಿ ಮೊದಲು ತಾಗುತ್ತಿತ್ತು; ನಾಲ್ಕನೆಯವಳ ಬೆರಳಲ್ಲಿ ತಾನಾಗಿ ಬೆಳೆದದ್ದನ್ನು ಕತ್ತಿ ಮುಂದಿನವರಿಗೆ ದಾಟಿಸಿತ್ತು. ಉಳಿದೆರಡು ಹತ್ತು ಮತ್ತು ಹನ್ನೊಂದು.

ಸೋಮವಾರದೋರು! ಆಚೆ ಒಂಬತ್ತನೆಯವಳದು ಕೆಟ್ಟಿತ್ತು, ಈಚೆ ಹನ್ನೆರಡನೆಯವಳದು ಕೆಟ್ಟಿತ್ತು. ಒಂಬತ್ತನೆಯವಳ ಬೋಗುಣಿಯಲ್ಲೇ ಹತ್ತನೆಯವಳು ಬೆರಳು ಅದ್ದುತ್ತಿದ್ದಳು, ಹನ್ನೆರಡನೆಯವಳ ಬೋಗುಣಿಯಲ್ಲಿ ಹನ್ನೊಂದನೆಯವಳು. ಅದೇ ನೀರು, ಅದೇ ಹುಳು, ಅದೇ ಮಳೆ. ಇಲ್ಲದ್ದು ಒಂದೇ, ನನ್ನ ಕತ್ತಿ. ಅವರ ಉಗುರಿನ ಬುಡದಲ್ಲಿ ಆ ತೆಳು ತೊಗಲು ಎಳೆ ಮಕ್ಕಳದರ ಹಾಗೆ ಭದ್ರವಾಗಿ ಕೂತಿತ್ತು. ಇಷ್ಟು ವರ್ಷ ಎಲ್ಲರೆದುರಿಗೆ ನಕ್ಕದ್ದು ಆ ಇಬ್ಬರನ್ನು.

ಅವತ್ತು ಯಾರ ಉಗುರನ್ನೂ ಮುಟ್ಟಲಿಲ್ಲ. ನೇರ ಯಜಮಾನರ ಹತ್ತಿರ ಹೋದೆ. ಕತ್ತಿಯನ್ನು ಮಾತ್ರ ಕುದಿಸಿಕೊಂಡು, ಉಳಿದದ್ದು ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು. ಆ ಯೋಚನೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.

"ರೋಗ ಹಬ್ಬಿಸಿದ್ದು ಹನೂರಿನವಳಲ್ಲ ಸ್ವಾಮಿ. ನಾನು," ಅಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಲ ಬಿಡಿಸಿ ಹೇಳಿದ ಮೇಲೆ ಮುಖ ಬಿಗಿಯಿತು. "ಬುಡ ಬಿಡಿಸದಿದ್ದರೆ ನೂಲು ಹರಿಯುತ್ತೆ ಅಂದೋರು ನೀವೇ ಅಲ್ವಾ ಮೇಸ್ತ್ರಮ್ಮ? ಈಗ ಬಿಡಿಸಬೇಡ ಅಂತೀರಿ. ನೂಲು ವಾಪಸು ಬಂದ್ರೆ?"

"ಸತ್ತೇಗಾಲದೋರ ನೂಲು ತರಿಸಿ ನೋಡಿ. ಅವರ ಬುಡ ನಾನು ಒಂದು ದಿನವೂ ಬಿಡಿಸಿಲ್ಲ."

ತರಿಸಿದರು. ಕಪ್ಪು ಬಟ್ಟೆಯ ಮೇಲೆ ಹರಡಿ ಇಬ್ಬರೂ ಬೆರಳಾಡಿಸಿದೆವು. ಹತ್ತು, ಹನ್ನೊಂದರ ನೂಲಿನಲ್ಲಿ ಗಂಟು ಒಂದನೆಯವಳ ನೂಲಿಗಿಂತ ಹೆಚ್ಚಿರಲಿಲ್ಲ. ಅಷ್ಟು ವರ್ಷ ನಾನು ಬಿಡಿಸಿದ ಬುಡವೆಲ್ಲ ಸುಮ್ಮನೆ ಬಿಡಿಸಿದ್ದು. ಯಜಮಾನರು ನೂಲನ್ನು ಮಡಿಚಿಡುತ್ತ, "ಎರಡು ತಿಂಗಳು ಕೊಡ್ತೀನಿ. ನೂಲು ಕೆಟ್ಟರೆ ನೀವೂ ಹೊರಡಬೇಕಾಗುತ್ತೆ," ಅಂದರು. ನಾನು ಆಗಲಿ ಅಂದೆ.

ಹೆಂಗಸರೇ ಮೊದಲು ತಿರುಗಿಬಿದ್ದರು. ಮುಂದಿನ ಸೋಮವಾರ ಕೈ ಮುಟ್ಟುವುದಿಲ್ಲ ಅಂದಾಗ ಎಂಟನೆಯವಳು ಅತ್ತೇಬಿಟ್ಟಳು. "ನಮ್ ಕೈ ಮುಟ್ಟಕೆ ಅಸಹ್ಯ ಆಯ್ತಾ ಅಕ್ಕಾ? ನಮ್ಮನ್ನೂ ಅವಳಂಗೆ ಕಳಿಸಕ್ಕೆ ಇದು ಮೊದ್ಲಾ?" ಅವರಿಗೆ ನಿಜ ಹೇಳಲೇಬೇಕಾಯಿತು. ಒಲೆ ಹೊತ್ತದ ಶೆಡ್ಡಿನಲ್ಲಿ ಸಾಲಿನ ಮುಂದೆ ನಿಂತು ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಹನ್ನೆರಡನೆಯವಳು ಉಗುರಿಲ್ಲದ ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕಡೆಗೆ ಸತ್ತೇಗಾಲದ ದೊಡ್ಡವಳು, "ಈಗ ಏನ್ ಮಾಡ್ಬೇಕು ಅದ ಹೇಳಿ ಅಕ್ಕಾ, ಒಲೆ ಹೊತ್ತಿಸೋ ಹೊತ್ತಾಯ್ತು," ಅಂದಳು. ಕೆಲಸ ಶುರುವಾಯಿತು.

ಕುಲುಮೆಯವನಿಂದ ಹದಿನಾಲ್ಕು ಉಗುರುಗತ್ತಿ ಮಾಡಿಸಿದೆ. ಚಪ್ಪಟೆ ತುದಿ ಯಾವುದಕ್ಕೂ ಬೇಡ ಅಂದೆ. ಬಾಣಲೆಯ ಲೆಕ್ಕದಲ್ಲಿ ಒಂದೊಂದಕ್ಕೂ ಗೀರು ಹಾಕಿಸಿದೆ, ಒಂದರಿಂದ ಹದಿನಾಲ್ಕರ ತನಕ. ಅವರವರ ಕತ್ತಿ ಅವರವರಿಗೆ. ಗೂಡು ಹಾಕುವ ಮೊದಲು ಬಾಣಲೆಯ ನೀರು ಕೊತಕೊತ ಕುದಿಯುವಾಗ ಅದರಲ್ಲಿ ಮುಳುಗಿಸಿ, ಬಿಸಿಲಲ್ಲಿ ಆರಿಸಿ ಕತ್ತರಿಸಿಕೊಳ್ಳಬೇಕು. ಸೋಮವಾರ ಬೇಡವೆನ್ನುವವರು ಬುಧವಾರ ಮಾಡಿಕೊಳ್ಳಲಿ. ಬೋಗುಣಿಗಳನ್ನು ಎತ್ತಿಸಿಬಿಟ್ಟೆ. ಬೆರಳು ಸುಟ್ಟರೆ ಅದ್ದಬೇಡಿ, ಚೊಂಬಿನಿಂದ ಮೇಲೆ ನೀರು ಸುರಿದುಕೊಳ್ಳಿ ಅಂದೆ. ಒಬ್ಬೊಬ್ಬರಿಗೂ ಒಣಗಿದ ಬಟ್ಟೆ ಬೇರೆ. ಸಂಜೆ ಒಳ್ಳೆ ನೀರಲ್ಲಿ ತೊಳೆದು, ಬೆರಳ ಸಂದಿಯೆಲ್ಲ ಒರೆಸಿ, ಒಲೆಯ ಬಿಸಿಗೆ ಹಿಡಿದು ಆರಿಸಿದ ಮೇಲೆ ಉಗುರಿನ ಬುಡಕ್ಕೆ ಕೊಬ್ಬರಿ ಎಣ್ಣೆ. ಕೈ ಕೆಟ್ಟವರಲ್ಲಿ ಮೂರು ಮೂರು ಜನ ಸರದಿಯ ಮೇಲೆ ಗೂಡು ಆರಿಸುವ ಒಣ ಕೆಲಸಕ್ಕೆ. ಅಲ್ಲಿದ್ದಷ್ಟು ದಿನ ನೇರಳೆ ಔಷಧಿ. ಗೂಡಿನ ಮೇಲೆ ಬಣ್ಣ ಬೀಳದಂತೆ ನೋಡಿಕೊಳ್ಳಲು ನಾನೇ ಪಕ್ಕದಲ್ಲಿ ಕೂರುತ್ತಿದ್ದೆ. ಇದೆಲ್ಲ ಒಂದು ವಾರಕ್ಕೆ ಸರಿಹೋಗಲಿಲ್ಲ. ಬಟ್ಟೆ ಅದಲು ಬದಲಾಗುತ್ತಿತ್ತು, ಮರೆತು ಬೇರೆಯವರ ಕತ್ತಿ ಎತ್ತಿಕೊಳ್ಳುತ್ತಿದ್ದರು, ಅಭ್ಯಾಸದ ಮೇಲೆ ಬುಡ ಕೆರೆದುಕೊಳ್ಳುತ್ತಿದ್ದರು. ಗಂಟಲು ಹರಿಯುವಂತೆ ಕೂಗಿದ ದಿನಗಳಿವೆ.

ದೀಪಾವಳಿ ಕಳೆದ ಮೇಲೆ ಐದನೆಯವಳ ಉಗುರಿನ ಬುಡದಲ್ಲಿ ಕೂದಲೆಳೆಯಷ್ಟು ಅಗಲದ ಬೆಳ್ಳಗಿನ ಹೊಸ ಉಗುರು ಕಂಡಿತು. ಆಮೇಲೆ ಆರನೆಯವಳದು, ಎಂಟನೆಯವಳದು. ನೂಲು ಕೆಡಲಿಲ್ಲ. ಹೊಸದಾಗಿ ಯಾರಿಗೂ ಬರಲಿಲ್ಲ. ಹನ್ನೆರಡನೆಯವಳ ಹೆಬ್ಬೆರಳು ಮಾತ್ರ ಕಡೆಯ ತನಕ ಬೋಳಾಗಿಯೇ ಉಳಿಯಿತು. ಹೊನ್ನೂರಿನವಳು ಗೂಡು ಆರಿಸುವ ಕೆಲಸದಲ್ಲೇ ನಿಂತುಬಿಟ್ಟಳು, ಹಾಗಾಗಿ ಏಳನೇ ಬಾಣಲೆ ಖಾಲಿಯಿತ್ತು. ಅದಕ್ಕೆ ಬೇರೆಯವರನ್ನು ಕೂರಿಸಬೇಡಿ ಅಂತ ಯಜಮಾನರನ್ನು ಬೇಡಿಕೊಂಡೆ. ಏಳು ಗೀರಿನ ಕತ್ತಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಂದು ಭಾನುವಾರ ಹನೂರಿಗೆ ಹೊರಟೆ.

ಇದ್ದಲಿನಿಂದ ಓಡುವ ಬಸ್ಸು, ದಾರಿಯಲ್ಲಿ ಎರಡು ಕಡೆ ಇಳಿದು ತಳ್ಳಿದೆವು. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಮನೆ ಕೇಳಿಕೊಂಡು ಹೋದಾಗ ಅವಳು ಜಗುಲಿಯ ಮೇಲೆ ಕೂತು ಎಡಗೈಯಲ್ಲಿ ಹುರುಳಿಯಿಂದ ಕಲ್ಲು ಹೆಕ್ಕುತ್ತಿದ್ದಳು.

"ಅಯ್ಯೋ ಅಕ್ಕಾ! ಬನ್ನಿ, ಬನ್ನಿ. ಅವ್ವಾ, ಶೆಡ್ಡಿನ ಅಕ್ಕ ಬಂದವ್ರೆ," ಅಂದಳು. ಮುಖ ನಿಜವಾಗಿ ಅರಳಿತು. ಬಲಗೈ ಸೆರಗಿನೊಳಗೆ ಇತ್ತು. ಚಾಪೆ ಹಾಕಿ, ನೀರು ಕೊಟ್ಟು ಕೂತವಳು ಮೊದಲು ಕೇಳಿದ್ದು ಒಂದೇ ಮಾತು.

"ನಾನು ತಂದ್ನಲ್ಲ ಆ ರೋಗ, ಓಯ್ತಾ ಅಕ್ಕಾ ಶೆಡ್ಡಿಂದ?"

ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ. "ನೀನಲ್ಲ ಕಣವ್ವ ತಂದದ್ದು. ನನ್ನ ಕತ್ತಿ. ನಾನು," ಅಂದೆ. ಬುಡ ಬಿಡಿಸುತ್ತಿದ್ದುದು, ಡಾಕ್ಟರು ಹೇಳಿದ್ದು, ಸೋಮವಾರದೋರ ಕೈ, ಎಲ್ಲ ಹೇಳಿದೆ. ಎಲ್ಲರಿಗಿಂತ ಹೆಚ್ಚಾಗಿ ಅವಳ ಬುಡವನ್ನೇ ಬಿಡಿಸಿದ್ದೆ ಅನ್ನುವುದನ್ನೂ ಹೇಳಿದೆ. ಬಾಣಲೆ ಖಾಲಿ ಇಟ್ಟಿದೆ, ಬಾ ಅಂದೆ.

ಅವಳು ಸೆರಗಿನಿಂದ ಬಲಗೈ ತೆಗೆದು ಮೊಣಕಾಲ ಮೇಲಿಟ್ಟಳು. ತೋರುಬೆರಳು ಬುಡದ ಗೆಣ್ಣಿನ ತನಕ ಇರಲಿಲ್ಲ. ಹೆಬ್ಬೆರಳಿಗೆ ಉಗುರಿರಲಿಲ್ಲ.

ಊರಿಗೆ ಬಂದ ಮೇಲೆ ಯಾರೋ ಹೇಳಿದರಂತೆ, ಉಗುರಿನ ಸಂದಿಗೆ ಗೇರುಸಿಪ್ಪೆಯ ಸುಡುವ ಎಣ್ಣೆ ಕಾಸಿ ಬಿಟ್ಟರೆ ಬೇರುಸಮೇತ ಸಾಯುತ್ತದೆ ಅಂತ. ಬೇಗ ವಾಸಿಯಾದರೆ ಮತ್ತೆ ಬಾಣಲೆಗೆ ಬರಬಹುದು ಅಂತ ಅವಳು ಎರಡು ದಿನ ಬಿಟ್ಟುಕೊಂಡಿದ್ದಳು. ಕೈ ಮೊಣಕೈ ತನಕ ಊದಿ ಜ್ವರ ಬಂದಾಗ ಗಾಡಿಯಲ್ಲಿ ಮಲಗಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆತಂದರು. ಬೆರಳು ತೆಗೆದರು, ಕೈ ಉಳಿಯಿತು.

"ಕೊಳ್ಳೇಗಾಲಕ್ಕೇ ಬಂದಿದ್ಯಾ? ನನಗೆ ಹೇಳಿ ಕಳಿಸಬಾರದಾಗಿತ್ತಾ?"

"ಗಾಡಿ ಶೆಡ್ಡಿನ ಮುಂದ್ಲೇ ಬಂತು ಕಣಕ್ಕಾ. ಹೊಗೆ ಕಾಣ್ತಿತ್ತು, ರಾಟೆ ಸದ್ದು ಕೇಳ್ತಿತ್ತು. ಕೂಗಣ ಅಂದ್ಕಂಡಿ. ಬಾಣಲೆ ಹೊತ್ನಲ್ಲಿ ನಿಮ್ಮನ್ನ ಹೊರಕ್ಕೆ ಕರುದ್ರೆ ಯಜಮಾನ್ರು ಬೈತಾರೆ ಅಂತ ಸುಮ್ಕಾದಿ."

ನನಗೆ ಅಳುವೂ ಬರಲಿಲ್ಲ. ಕತ್ತಿಯನ್ನು ಸೆರಗಿನಿಂದ ಬಿಚ್ಚಿದ್ದೆ, ಅದು ಕೈಯಲ್ಲೇ ಇತ್ತು. ಅವಳು ಎಡಗೈಯಿಂದ ಅದನ್ನು ತೆಗೆದುಕೊಂಡು ಗೀರುಗಳ ಮೇಲೆ ಹೆಬ್ಬೆರಳಾಡಿಸಿದಳು. ಕಣ್ಣಿನಿಂದ ಎಣಿಸಲಿಲ್ಲ, ಬೆರಳಿನಿಂದಲೇ ಎಣಿಸಿದಳು.

"ಏಳು," ಅಂದಳು. ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು, "ನಾನು ತಂದಿದ್ದಲ್ಲ ಅನ್ನೋದ ಅವ್ವಂಗೂ ಒಂದು ಸಲ ಜೋರಾಗಿ ಹೇಳಿ ಅಕ್ಕಾ. ಊರೋರು ಮನೆ ಬಾಗ್ಲಿಗೆ ಬರಾಕಿಲ್ಲ," ಅಂದಳು.

ಹೇಳಿದೆ. ಆಕೆಗೆ ಕೇಳಿಸುವಷ್ಟು, ಪಕ್ಕದ ಮನೆಯವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ. ಮುದುಕಿ ಮಂಜುಗಣ್ಣನ್ನು ನನ್ನ ದನಿಯ ಕಡೆ ತಿರುಗಿಸಿ ಕೂತಿದ್ದಳು.

"ಎಡಗೈ ಉಗುರು ಉದ್ದ ಆಗವೆ," ಅಂದಳು ಅವಳು. "ಈ ಕೈಲಿ ಕತ್ತಿ ನಿಲ್ಲಾಕಿಲ್ಲ. ಅವ್ವಂಗೆ ಕಣ್ಣು ಕಾಣಕ್ಕಿಲ್ಲ. ಹೆಂಗೂ ತಕಂಡು ಬಂದಿದ್ದೀರಲ್ಲ, ತೆಗೆದುಬುಡಿ."

ನಾನು ಎದ್ದು ಒಲೆ ಹೊತ್ತಿಸಿ, ಸಣ್ಣ ಪಾತ್ರೆಯಲ್ಲಿ ನೀರಿಟ್ಟು ಕತ್ತಿಯನ್ನು ಅದರೊಳಗೆ ಬಿಟ್ಟೆ. ಹಸಿ ಸೌದೆ, ನೀರು ಕುದಿ ಬರಲು ತುಂಬ ಹೊತ್ತಾಯಿತು. ಕುದಿ ಬಂದ ಮೇಲೂ ಸಾಕೆನ್ನಿಸದೆ ಕಾದೆ. "ಹುರುಳಿ ಬೇಯಿಸ್ದಂಗೆ ಬೇಯಿಸ್ತೀರಲ್ಲ," ಅಂತ ಅವಳು ನಕ್ಕಳು. ಕತ್ತಿ ತೆಗೆದು ಬಿಸಿಲಿಗೆ ಹಿಡಿದು ಆರಿಸಿದೆ. ಅವಳು ಸೋಮವಾರ ಶೆಡ್ಡಿನಲ್ಲಿ ಕೂರುತ್ತಿದ್ದ ಹಾಗೆಯೇ ಮಂಡಿಯೂರಿ ಕೂತು ಎರಡೂ ಕೈ ಚಾಚಿದಳು, ಹಲ್ಲು ಕಚ್ಚಿಕೊಂಡಳು.

"ಹಲ್ಲು ಕಚ್ಚಬೇಡ. ಇನ್ನು ನೋಯಲ್ಲ," ಅಂದೆ.

ಎಡಗೈಯಿಂದ ಶುರುಮಾಡಿದೆ. ಬುಡ ಮುಟ್ಟಲಿಲ್ಲ. ಅಭ್ಯಾಸದ ಮೇಲೆ ಬಾಯಿ ತಾನಾಗಿ ಎಣಿಸುತ್ತಿತ್ತು. ಎಡಗೈಯಲ್ಲಿ ಐದು. ಬಲಗೈಯಲ್ಲಿ ಆರು, ಏಳು, ಎಂಟು. ಮುಂದಿನದಕ್ಕೆ ಹುಡುಕಿದ ನನ್ನ ಕೈ ಅಲ್ಲೇ ನಿಂತಿತು.

"ಆಯ್ತಾ ಅಕ್ಕಾ?" ಅಂದಳು.

"ಆಯ್ತು ಕಣವ್ವ," ಅಂದೆ.